ಇಲಿಯ ಬೆನ್ನಿನ ಗಾಯ, ನಮ್ಮ ಕಾಲಿನ ಹುಣ್ಣು

ಮಳೆಗಾಲ ಹಿಡಿದರೆ ಕೊಡಗಿನ ಕಾಫಿ ತೋಟಗಳಿಂದ ಕಾಲಿಗೆ ಗಾಯ ಮಾಡಿಕೊಂಡು ಬರುವವರು ಹೆಚ್ಚು. ಕಳೆ ಕಡಿಯುವಾಗ ಕತ್ತಿ ತಾಗಿರುತ್ತದೆ, ಇಲ್ಲವೇ ಒದ್ದೆ ಬೂಟಿನೊಳಗೆ ಚರ್ಮ ನೆನೆದು ಬಿರಿದಿರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಅದೇ ಗಾಯ ತಿಂಗಳುಗಟ್ಟಲೆ ಮಾಯದ ಹುಣ್ಣಾಗುತ್ತದೆ. "ಇಲಿ ಮೇಲೆ ಪರೀಕ್ಷೆ ಮಾಡಿದ್ದಾರಂತೆ ಡಾಕ್ಟ್ರೇ, ಗಾಯ ಬೇಗ ಮುಚ್ಚಿತಂತೆ. ಈ ಮುಲಾಮು ಹಚ್ಚಬಹುದಾ?" ಎಂದು ಮನೆಯವರು ಕೇಳುತ್ತಾರೆ.

ಆ ಇಲಿಯ ಗಾಯ ಹೇಗೆ ಮುಚ್ಚಿತು ಎನ್ನುವುದನ್ನು ಮೊದಲು ನೋಡಬೇಕು. ಇಲಿಯ ಚರ್ಮ ಮೈಗೆ ಸಡಿಲವಾಗಿ ಅಂಟಿಕೊಂಡಿರುತ್ತದೆ, ಅದರಡಿಯಲ್ಲಿ ತೆಳುವಾದ ಸ್ನಾಯುಪದರವೂ ಇದೆ. ಬೆನ್ನಿನ ಮೇಲೆ ದುಂಡಗೆ ಚರ್ಮ ಕತ್ತರಿಸಿದರೆ, ಸಂಚಿಯ ಬಾಯಿದಾರ ಎಳೆದಂತೆ ಅಂಚುಗಳು ಒಳಕ್ಕೆ ಸರಿದು ಗಾಯ ಬಹುಪಾಲು ಕುಗ್ಗಿಯೇ ಮುಚ್ಚುತ್ತದೆ. ನಮ್ಮ ಕಾಲಿನ ಚರ್ಮಕ್ಕೆ ಅಷ್ಟು ಸರಿದಾಟವಿಲ್ಲ. ತಳದಿಂದ ಹೊಸ ಮಾಂಸ ತುಂಬಬೇಕು, ಅದರ ಮೇಲೆ ಅಂಚಿನಿಂದ ಹೊಸ ಚರ್ಮ ಹರಡಬೇಕು. ಅದಕ್ಕೇ ಎಚ್ಚರವುಳ್ಳ ಸಂಶೋಧಕರು ಗಾಯದ ಸುತ್ತ ಸಿಲಿಕೋನ್ ಉಂಗುರ ಹೊಲಿದು ಅಂಚು ಕುಗ್ಗದಂತೆ ಹಿಡಿಯುತ್ತಾರೆ. ಉಂಗುರವಿಲ್ಲದೆ ಗಾಯದ ಅಗಲವನ್ನಷ್ಟೇ ಅಳೆದ ವರದಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹಂದಿಯ ಚರ್ಮ ನಮ್ಮದಕ್ಕೆ ಹೆಚ್ಚು ಹತ್ತಿರ, ಆದರೆ ಸಾಕುವ ಖರ್ಚು ದೊಡ್ಡದು.

ಸ್ಟ್ರೆಪ್ಟೋಜೋಟೋಸಿನ್ ಎಂಬ ರಾಸಾಯನಿಕ ಚುಚ್ಚಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಕೊಂದು ಇಲಿಗೆ ಸಕ್ಕರೆ ಕಾಯಿಲೆ ಬರಿಸುವುದೂ ಉಂಟು. ಗಾಯ ತಡವಾಗಿ ಮಾಯುತ್ತದೆ, ನಿಜ. ಆದರೆ ಅದು ಎಳೆಯ ಇಲಿಯ ಶುಚಿಯಾದ ಹೊಸ ಗಾಯ. ನಮ್ಮ ರೋಗಿಯದು ವರ್ಷಗಟ್ಟಲೆ ನರ ಸತ್ತು ರಕ್ತನಾಳ ಕಟ್ಟಿದ ಕಾಲು. ಹುಣ್ಣಿನಲ್ಲಿ ಬ್ಯಾಕ್ಟೀರಿಯಾ ಪೊರೆ ಕಟ್ಟಿಕೊಂಡು ಕೂತಿರುತ್ತದೆ, ಸಾಲದ್ದಕ್ಕೆ ದಿನವಿಡೀ ಅದರ ಮೇಲೇ ನಡೆದಾಟ.

ಹಾಗೆಂದು ಪ್ರಾಣಿ ಪ್ರಯೋಗ ಬೇಡವೆನ್ನಲಾರೆ. ಹೊಸ ರಕ್ತನಾಳ ಯಾವಾಗ ಚಿಗುರುತ್ತದೆ, ಯಾವ ಕೋಶ ಯಾವ ದಿನ ಬರುತ್ತದೆ ಎಂದು ದಿನದಿನವೂ ಗಾಯದ ತುಣುಕು ತೆಗೆದು ನೋಡುವುದು ಮನುಷ್ಯರಲ್ಲಿ ಆಗದು. ನಮ್ಮ ದೇಶದಲ್ಲಿ ಇಂಥ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅರಿವಳಿಕೆ ಕೊಡಬೇಕು. ಉತ್ತರವೇ ಸಿಗದಂತೆ ಯೋಜಿಸಿದ ಪ್ರಯೋಗದಲ್ಲಿ ಆ ಮೂಕಪ್ರಾಣಿ ಪಟ್ಟ ನೋವು ಪೂರ್ತಿ ವ್ಯರ್ಥ. ನನಗೆ ಸಂಕಟವಾಗುವುದು ಅದಕ್ಕೆ.

ನಮ್ಮ ಜೇನಿನ ಬಗ್ಗೆಯೂ ಇದೇ ಪ್ರಶ್ನೆ ಬರುತ್ತದೆ. ಗಾಯಕ್ಕೆಂದೇ ತಯಾರಾಗುವ ಜೇನನ್ನು ಗಾಮಾ ಕಿರಣ ಹಾಯಿಸಿ ಸೂಕ್ಷ್ಮಾಣು ಮುಕ್ತಗೊಳಿಸಿರುತ್ತಾರೆ. ತೋಟದ ಪೆಟ್ಟಿಗೆಯಿಂದ ತೆಗೆದ ಜೇನು ಹಾಗಲ್ಲ, ಅದನ್ನು ಹುಣ್ಣಿಗೆ ಹಚ್ಚಬೇಡಿ. ಮೊದಲು ಪಾದದ ನಾಡಿ ನೋಡಿಸಿ, ಸಕ್ಕರೆ ಹತೋಟಿಗೆ ತನ್ನಿ, ಹುಣ್ಣಿನ ಮೇಲೆ ಭಾರ ಬೀಳದಂತೆ ಚಪ್ಪಲಿ ಮಾಡಿಸಿ. ಮುಲಾಮಿನ ಮಾತು ಆಮೇಲೆ.