ನಿಮಿಷಕ್ಕೆ ಎಷ್ಟು ಪದ?

ಮಗುವನ್ನು ಟೈಪಿಂಗ್ ಕಲಿಯಲು ಕಳುಹಿಸಿದ ಎರಡನೆಯ ವಾರಕ್ಕೇ ತಂದೆತಾಯಿಗಳು ಕೇಳುವ ಪ್ರಶ್ನೆ ಒಂದೇ: ನಿಮಿಷಕ್ಕೆ ಎಷ್ಟು ಪದ? ಇಷ್ಟು ವರ್ಷ ಕಲಿಸಿದ ಮೇಲೂ ಇದಕ್ಕೆ ನಗುಮುಖದಿಂದ ಉತ್ತರಿಸಲು ನನಗೆ ಸಾಧ್ಯವಾಗಿಲ್ಲ. ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಉಬ್ಬು ಏಕಿದೆ, ಯಾವ ಕೀಲಿ ಯಾವ ಬೆರಳಿನದು ಎಂಬುದನ್ನು ಮಕ್ಕಳು ಬೇಗ ಗ್ರಹಿಸುತ್ತಾರೆ. ತಿಳಿಸಿ ಹೇಳಬೇಕಾಗಿರುವುದು ಹಿರಿಯರಿಗೆ.

ಎರಡು ತೋರುಬೆರಳುಗಳಿಂದ ಹುಡುಕಿ ಹುಡುಕಿ ಒತ್ತುತ್ತಿದ್ದ ಮಗು ಎಲ್ಲ ಬೆರಳುಗಳನ್ನೂ ಬಳಸತೊಡಗಿದಾಗ ಮೊದಲಿಗಿಂತ ನಿಧಾನವಾಗುತ್ತದೆ. ಆಗಲೇಬೇಕು, ಏಕೆಂದರೆ ಕಣ್ಣು ಮಾಡುತ್ತಿದ್ದ ಕೆಲಸವನ್ನು ಬೆರಳು ಈಗಷ್ಟೇ ಕಲಿಯುತ್ತಿದೆ. ಆ ಹೊತ್ತಿನಲ್ಲಿ ಗಡಿಯಾರ ಹಿಡಿದು ಪಕ್ಕದಲ್ಲಿ ಕುಳಿತರೆ, ಮಗು ತನಗೆ ಗೊತ್ತಿರುವ ವೇಗದ ದಾರಿಗೆ, ಅಂದರೆ ನಾವು ಬಿಡಿಸಲು ಹೊರಟಿರುವ ಆ ಎರಡು ಬೆರಳುಗಳಿಗೇ ಮರಳುತ್ತದೆ. ಮೊಬೈಲಿನಲ್ಲಿ ಸಮಯ ಅಳೆಯುತ್ತಿದ್ದ ತಂದೆಯೊಬ್ಬರು ಕರೆ ಬಂತೆಂದು ಹೊರಗೆ ಹೋದ ಕೂಡಲೇ, ಅವರ ಒಂಬತ್ತು ವರ್ಷದ ಮಗಳು ಬೆರಳುಗಳನ್ನೆಲ್ಲ ಸದ್ದಿಲ್ಲದೆ ಅವುಗಳ ಜಾಗಕ್ಕೆ ತಂದಿಟ್ಟು ನನ್ನ ಮುಖ ನೋಡಿದಳು.

ನಿಧಾನವಾಗಿ ಕಲಿತವರು ಹಿಂದೆ ಬೀಳುವುದಿಲ್ಲ. 1888ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ನಡೆದ ಹೆಸರಾಂತ ಟೈಪಿಂಗ್ ಸ್ಪರ್ಧೆಯನ್ನು ಗೆದ್ದ ಫ್ರಾಂಕ್ ಮೆಕ್‌ಗರಿನ್ ಕೀಲಿಗಳತ್ತ ನೋಡದೆಯೇ ಟೈಪ್ ಮಾಡುತ್ತಿದ್ದರು. ಲೆಕ್ಕದಲ್ಲಿ ಹೇಳಿದರೆ ಕೆಲವರಿಗೆ ಬೇಗ ಮನದಟ್ಟಾಗುತ್ತದೆ: ಕೀಲಿಯ ಐದು ಒತ್ತುಗಳನ್ನು ಒಂದು ಪದವೆಂದು ಎಣಿಸುವುದು ರೂಢಿ, ಒಂದು ಅಕ್ಷರ ತಪ್ಪಿದರೆ ತಪ್ಪಿದ್ದಕ್ಕೊಂದು, ಅಳಿಸುವುದಕ್ಕೊಂದು, ಸರಿಪಡಿಸುವುದಕ್ಕೊಂದು ಎಂದು ಮೂರು ಒತ್ತುಗಳು ಖರ್ಚಾಗುತ್ತವೆ, ನಡುವೆ ತಡವರಿಸುವ ಸಮಯ ಬೇರೆ. ಅವಸರದಲ್ಲಿ ಮತ್ತೆ ಮತ್ತೆ ಆಗುವ ತಪ್ಪನ್ನೂ ಬೆರಳು ಅಷ್ಟೇ ಶ್ರದ್ಧೆಯಿಂದ ಕಲಿತುಬಿಡುತ್ತದೆ.

ಎಲ್ಲ ಮಕ್ಕಳಿಗೂ ಒಂದೇ ಅಳತೆ ಸಲ್ಲದು. ಪೂರ್ಣ ಗಾತ್ರದ ಕೀಲಿಮಣೆಯಲ್ಲಿ ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ ಸುಮಾರು 19 ಮಿಲಿಮೀಟರ್ ಅಂತರವಿರುತ್ತದೆ. ಪುಟ್ಟ ಕೈಯ ಕಿರುಬೆರಳು ಅಷ್ಟು ಚಾಚಲಾರದಿದ್ದರೆ ಬಲವಂತ ಬೇಡ, ಕೈ ಬೆಳೆಯುವವರೆಗೆ ಕಾಯಬಹುದು. ಎಣಿಸಲೇಬೇಕೆಂಬ ಹಟವಿದ್ದವರು ಒಂದು ಸಾಲಿನಲ್ಲಿ ಮಗು ಎಷ್ಟು ಸಲ ಕೆಳಗೆ ನೋಡಿತು ಎಂಬುದನ್ನು ಎಣಿಸಲಿ, ಅದೂ ಮಗುವಿಗೆ ಗೊತ್ತಾಗದಂತೆ.