94 ಗೋಲೋ 95 ಗೋಲೋ: ಫುಟ್‌ಬಾಲ್ ಆಟಗಾರನ ವಿಕಿಪೀಡಿಯ ಪುಟ ಚೊಲೋ ಐತೋ ಇಲ್ಲೋ ನೋಡೂದ ಹೆಂಗ

ಫುಟ್‌ಬಾಲ್ ಆಟಗಾರನ ಮ್ಯಾಲಿನ ವಿಕಿಪೀಡಿಯ ಪುಟ ಚೊಲೋ ಐತೇನ್ರಿ ಅಂತ ಯಾರರ ಕೇಳಿದ್ರ ನಾ ಅದನ್ನ ಮೊದಲ ಓದೂದ ಇಲ್ಲ, ಒಂದ ನಂಬರ್ ಹಿಡಕೊಂಡ ಅದು ಪುಟದಾಗ ಎಲ್ಲೆಲ್ಲಿ ಬರತೈತಿ ಅಂತ ಹುಡುಕತೇನಿ. ದೇಶಕ್ಕ ಹೊಡದ ಗೋಲಿನ ಸಂಖ್ಯೆ ಆದ್ರ ಭಾರಿ. ಯಾಕಂದ್ರ ಅದು ಕಡಿಮಿ ಅಂದ್ರೂ ನಾಕ ಕಡೆ ಇರತೈತಿ, ಮ್ಯಾಲಿನ ಪೀಠಿಕೆಯೊಳಗ ಒಮ್ಮೆ, ಫೋಟೋದ ಕೆಳಗ ಮುಖ್ಯ ಮಾಹಿತಿ ಇರೂ ಚೌಕ, ಅಂದ್ರ ಇನ್ಫೋಬಾಕ್ಸ್‌ನಾಗ ಒಮ್ಮೆ, ನಡುವ ಆಟದ ಕಥಿ ಹೇಳೂ ಮುಂದ ಒಮ್ಮೆ, ಕೆಳಗ ಅಂಕಿ-ಅಂಶದ ಟೇಬಲ್‌ನಾಗ ಇನ್ನೊಮ್ಮೆ. ಈ ನಾಕೂ ಒಂದ ಮಾತ ಹೇಳಿದ್ರ ಆ ಪುಟಕ್ಕ ಯಾರೋ ಒಬ್ರು ವಾರಸುದಾರ ಅದಾರ ಅಂತ ತಿಳಕೋಬೇಕ. ನಾಕೂ ನಾಕ ದಾರಿ ಹಿಡದಿದ್ರ ಬಂದವ್ರು ಬಂದಂಗ ಒಂದೊಂದ ಮೂಲಿ ತಿದ್ದಿ ಹೋಗ್ಯಾರ, ಪೂರ್ತಿ ಯಾರೂ ಓದಿಲ್ಲ.

ಸುನಿಲ್ ಛೆಟ್ರಿ ಪುಟಾನ ತಗೋರಿ, ನಮ್ಮ ಹುಡುಗರಿಗೆ ಕಲಸಾಕ ಅದಕಿಂತ ಚೊಲೋ ಉದಾಹರಣೆ ನಂಗ ಸಿಕ್ಕಿಲ್ಲ. 2005ರ ಜೂನ್‌ನಾಗ ಪಾಕಿಸ್ತಾನದ ಕ್ವೆಟ್ಟಾದಾಗ ಭಾರತದ ಪರ ಮೊದಲ ಮ್ಯಾಚ್, ಅದರಾಗೂ ಗೋಲ್. 2024ರ ಜೂನ್ 6ಕ್ಕ ಕೋಲ್ಕತಾದಾಗ ಕುವೈತ್ ಮ್ಯಾಲ ಕಡೀ ಮ್ಯಾಚ್ ಅಂತ ಆಡಿ, ಅದು 0–0 ಆಗಿ, 151 ಮ್ಯಾಚಿಗೆ 94 ಗೋಲ್ ಅಂತ ಲೆಕ್ಕ ಮುಗಿಸಿ ಎಲ್ಲಾರೂ ಕಣ್ಣ ಒರಸ್ಕೊಂಡ್ರು. ಆಮ್ಯಾಲ ಏನಾತು, 2025ರ ಮಾರ್ಚ್‌ನಾಗ ಮನುಷ್ಯಾ ಮತ್ತ ಬೂಟ್ ಹಾಕ್ಕೊಂಡ ಬಂದ, 19ನೇ ತಾರೀಖಿಗೆ ಶಿಲ್ಲಾಂಗ್‌ನಾಗ ಮಾಲ್ಡೀವ್ಸ್ ಮ್ಯಾಲ ಭಾರತ 3–0 ಗೆದ್ದಾಗ ಅದರಾಗ ಒಂದ ಗೋಲ್ ಇವಂದ, 95ನೇದ್ದು. ಈಗ ನೀವ ಯಾವ ಭಾಷಾದ ಪುಟರ ತಗೀರಿ, ಅಥವಾ ಅದನ್ನ ಕಾಪಿ ಹೊಡದ ಬ್ಯಾರೆ ವೆಬ್‌ಸೈಟ್ ತಗೀರಿ, ಪೀಠಿಕೆಯೊಳಗ ‘ನಿವೃತ್ತ ಆಟಗಾರ, 94 ಗೋಲ್’ ಅಂತ ಇದ್ದು ಟೇಬಲ್‌ನಾಗ 95 ಇದ್ರ ಅಲ್ಲೇ ನಿಮಗ ಉತ್ತರ ಸಿಕ್ಕಂಗ. 94 ಅಂತ ಇದ್ರೂ ‘2024ರ ಜೂನ್ ತನಕ’ ಅಂತ ಜೋಡಿ ತಾರೀಖ ಇತ್ತಂದ್ರ ಅದು ತಪ್ಪಲ್ಲ, ಹಳೇದ ಅಷ್ಟ. ತಾರೀಖ ಇಲ್ಲದ ನಂಬರ್ ಮಾತ್ರ ನಾ ನಂಬೂದಿಲ್ಲ, ಅದು ಸರಿ ಇದ್ರೂ ಸೈತ.

ಇಲ್ಲೊಂದ ಮಾತ ಹೇಳಬೇಕ, ಏನಂದ್ರ ಎರಡ ನಂಬರ್ ಕೂಡಲಿಲ್ಲಂದ್ರ ಒಂದ ಸುಳ್ಳ ಅಂತ ಓಡಿ ಹೋಗಿ ಎಡಿಟ್ ಒತ್ತಬ್ಯಾಡ್ರಿ. ಇನ್ಫೋಬಾಕ್ಸ್‌ನಾಗ ಕ್ಲಬ್ಬಿನ ಹೆಸರಿನ ಮುಂದ ಬರೂ ಮ್ಯಾಚ್ ಮತ್ತ ಗೋಲ್ ಬರೇ ದೇಶದ ಲೀಗ್ ಮ್ಯಾಚಿಂದ, ಕಪ್ ಮ್ಯಾಚ್ ಇಲ್ಲ, ಏಷ್ಯಾ ಮಟ್ಟದ ಕ್ಲಬ್ ಟೂರ್ನಮೆಂಟ್ ಇಲ್ಲ, ಫ್ರೆಂಡ್ಲಿ ಅಂತೂ ಇಲ್ಲವ ಇಲ್ಲ. ಇಂಗ್ಲಿಷ್ ವಿಕಿಪೀಡಿಯದ ಫುಟ್‌ಬಾಲ್ ಮಂದಿ ಹಂಗ ಪದ್ಧತಿ ಇಟ್ಕೊಂಡಾರ. ಛೆಟ್ರಿ 2010ರಾಗ ಅಮೆರಿಕದ ಕನ್ಸಾಸ್ ಸಿಟಿ ವಿಜರ್ಡ್ಸ್‌ಗೆ ಹೋಗಿದ್ದ, ಯುಎಸ್ ಓಪನ್ ಕಪ್‌ನಾಗ ಆಡ್ಯಾನ, ಆದ್ರ ಲೀಗ್‌ನಾಗ ಒಂದೂ ಮ್ಯಾಚ್ ಸಿಗಲಿಲ್ಲ, ಹಿಂಗಾಗಿ ಇನ್ಫೋಬಾಕ್ಸ್‌ನಾಗ ಸೊನ್ನಿ. ಸೊನ್ನಿ ನೋಡಿ ‘ಸರ್, ಇವ ಅಲ್ಲಿ ಆಡೇ ಇಲ್ರಿ’ ಅನ್ನೂ ಹುಡುಗ ಪ್ರತಿ ವರ್ಷ ಒಬ್ಬ ಇದ್ದೇ ಇರತಾನ. 2015 ಮತ್ತ 2016ಕ್ಕೂ ಹಂಗ, ಬೆಂಗಳೂರು ಎಫ್‌ಸಿಗೆ ಐ-ಲೀಗ್ ಅನ್ನೂ ದೇಶದ ಲೀಗ್ ಆಡಿದವನ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಬಂದ ಕೂಡಲೇ ಮುಂಬೈ ಸಿಟಿ ಅಂಗಿ ಹಾಕ್ಕೊಂಡಾನ, ಯಾಕಂದ್ರ ಆಗ ಎರಡ ಲೀಗ್ ಬ್ಯಾರೆ ಬ್ಯಾರೆ ತಿಂಗಳನಾಗ ನಡೀತಿದ್ವು, ಬೆಂಗಳೂರು ಐಎಸ್‌ಎಲ್‌ಗೆ ಬಂದದ್ದ 2017ಕ್ಕ. ಒಂದ ವರ್ಷಕ್ಕ ಎರಡ ಕ್ಲಬ್ ಹೆಂಗ ಅಂತ ಓದವ ಕೇಳೇ ಕೇಳತಾನ, ಮತ್ತ ಚೊಲೋ ಪುಟ ಇದನ್ನ ಒಂದ ಸಾಲಿನ್ಯಾಗರ ಬಿಡಿಸಿ ಹೇಳಿರತೈತಿ, ಕೆಟ್ಟ ಪುಟ ಲೋನ್ (ಒಂದ ಕ್ಲಬ್ ತನ್ನ ಆಟಗಾರನ್ನ ಸ್ವಲ್ಪ ದಿನ ಇನ್ನೊಂದಕ್ಕ ಕೊಡೂದು) ಅಂತ ಬರದು ಕೈ ತೊಳಕೊಂಡಿರತೈತಿ.

ಪೆಲೆದ್ದು ಇದರಕಿಂತ ದೊಡ್ಡ ಗೋಳ. 1,363 ಮ್ಯಾಚಿಗೆ 1,279 ಗೋಲ್ ಅಂತ ಗಿನ್ನೆಸ್ ಲೆಕ್ಕ ಐತಲ್ಲ, ಅದರಾಗ ಸ್ಯಾಂಟೋಸ್ ಕ್ಲಬ್ ಊರೂರ ತಿರುಗಿ ಆಡಿದ ಫ್ರೆಂಡ್ಲಿ ಮ್ಯಾಚ್ ಎಲ್ಲಾ ಕೂಡ್ಯಾವ. ಬ್ರೆಜಿಲ್ ದೇಶದ ಪರ ಅಧಿಕೃತ ಲೆಕ್ಕ 92 ಮ್ಯಾಚಿಗೆ 77. ಎರಡೂ ಖರೇ. ಪುಟದ ಯೋಗ್ಯತಾ ಗೊತ್ತಾಗೂದು ಯಾವ ನಂಬರ್ ಕೊಟ್ಟಾರ ಅನ್ನೂದರ ಮ್ಯಾಲಲ್ಲ, ಏನ ಎಣಿಸ್ಯಾರ ಅಂತ ಹೇಳ್ಯಾರೋ ಇಲ್ಲೋ ಅನ್ನೂದರ ಮ್ಯಾಲ.

ಹುಡುಗರಿಗೆ ಅಸೈನ್‌ಮೆಂಟ್ ಕೊಟ್ರ ಬಹಳ ಮಂದಿ ಪುಟದ ಉದ್ದ ಅಳೀತಾರ, ಆಮ್ಯಾಲ ಕೆಳಗ ಉಲ್ಲೇಖ ಎಷ್ಟ ಅದಾವ ಅಂತ ಎಣಿಸತಾರ. ಇನ್ನೂರ ಉಲ್ಲೇಖ ಅದಾವ ಸರ್, ಭಾರಿ ಪುಟ ಐತ್ರಿ ಅಂತಾರ. ಅಲ್ಲೋ ತಮ್ಮಾ, ಅದರಾಗ ನೂರಾಐವತ್ತ ‘ಶನಿವಾರ ಇಂಥವ್ರ ಮ್ಯಾಲ 2–1 ಗೆದ್ರು’ ಅನ್ನೂ ಮ್ಯಾಚ್ ರಿಪೋರ್ಟ್ ಇದ್ರ ಅದು ಡೈರಿ ಆತು, ಜೀವನಚರಿತ್ರೆ ಆಗಲಿಲ್ಲ. ನಾ ಮಾಡಾಕ ಹೇಳೂದ ಇಷ್ಟ: ಓದಿದ ಕೂಡಲೇ ‘ಹೌದಾ?’ ಅನಿಸೂ ವಾಕ್ಯ ಆರಸ್ಕೋರಿ, ಅದರ ತಲಿ ಮ್ಯಾಲಿನ ಸಣ್ಣ ನಂಬರ್ ಒತ್ತಿ ಉಲ್ಲೇಖ ತಗೀರಿ, ಆ ಲಿಂಕಿನ್ಯಾಗ ಆ ಮಾತ ಖರೇನ ಐತೋ ನೋಡ್ರಿ. ಬಹಳ ಸಲ ಲಿಂಕ್ ಸತ್ತಿರತೈತಿ, ಇಲ್ಲಾ ಲಿಂಕಿನ್ಯಾಗ ಆಟಗಾರನ ಹೆಸರ ಇದ್ದರೂ ಆ ಮಾತ ಇರೂದಿಲ್ಲ. ಹೊಗಳಿಕಿ ವಾಕ್ಯಕ್ಕ ಕ್ಲಬ್ಬಿನ ಸ್ವಂತ ವೆಬ್‌ಸೈಟ್ ಆಧಾರ ಇದ್ರ ಅದು ಆಧಾರ ಅಲ್ಲ, ಜಾಹೀರಾತ.

ಆಧಾರದ ವಿಷಯಕ್ಕ ಬಂದ್ರ ನಂಗ ಒಂದಿಷ್ಟ ಪಕ್ಷಪಾತ ಐತಿ, ಮುಚ್ಚಿಡೂದಿಲ್ಲ. ಟ್ರಾನ್ಸ್‌ಫರ್‌ಮಾರ್ಕ್ಟ್ ಅಂತ ಜರ್ಮನಿಯ ಸೈಟ್ ಐತಿ, ಆಟಗಾರಗ ಎಷ್ಟ ಕೋಟಿ ಕಿಮ್ಮತ್ತ ಅಂತ ಎಲ್ಲಾರೂ ಅಲ್ಲೇ ನೋಡತಾರ, ಆದ್ರ ಅಲ್ಲಿನ ಮಾಹಿತಿ ಬಹಳಷ್ಟ ಬಳಕೆದಾರರ ತುಂಬಿದ್ದು, ಕಿಮ್ಮತ್ತ ಅಂತೂ ಅಂದಾಜ. ಇಂಗ್ಲಿಷ್ ವಿಕಿಪೀಡಿಯದವ್ರು ಅದನ್ನ ನಂಬಿಕಸ್ತ ಆಧಾರ ಅಂತ ಒಪ್ಪೂದಿಲ್ಲ. 1994ರಿಂದ ನಡದಿರೂ, ಫುಟ್‌ಬಾಲ್ ಅಂಕಿ-ಅಂಶ ಕೂಡಿಡೂ ಆರ್‌ಎಸ್‌ಎಸ್‌ಎಸ್‌ಎಫ್ ಸೈಟ್ ನೋಡಾಕ ಭಾಳ ಹಳೇ ಕಾಲದ್ದು, ಬಣ್ಣ ಇಲ್ಲ ಫೋಟೋ ಇಲ್ಲ, ಆದ್ರ ಹಳೇ ಟೂರ್ನಮೆಂಟಿನ ಸ್ಕೋರ್ ಬೇಕಂದ್ರ ನಾ ಮೊದಲ ಅಲ್ಲೇ ಹೊಕ್ಕೇನಿ.

ಪೇಪರ್‌ನಾಗ ಬಂದೈತಿ ಅಂದ ಮಾತ್ರಕ್ಕ ಮುಗೀಲಿಲ್ಲ ಅದು ಮತ್ತ. 2008ರ ಸೆಪ್ಟೆಂಬರ್‌ನಾಗ ಯಾರೋ ಒಬ್ಬ ಸೈಪ್ರಸ್ ದೇಶದ ಒಮೋನಿಯಾ ಕ್ಲಬ್ಬಿನ ವಿಕಿಪೀಡಿಯ ಪುಟದಾಗ, ಈ ಕ್ಲಬ್ಬಿನ ಅಭಿಮಾನಿಗಳು ಹಳೇ ಬೂಟಿಂದ ಮಾಡಿದ ಟೊಪ್ಪಿಗಿ ಹಾಕ್ಕೋತಾರ ಅಂತ ಚ್ಯಾಷ್ಟಿಗೆ ಬರದ, ಮ್ಯಾಂಚೆಸ್ಟರ್ ಸಿಟಿ ಜೋಡಿ ಮ್ಯಾಚ್ ಇದ್ದದ್ದಕ್ಕ ಇಂಗ್ಲೆಂಡಿನ ಡೈಲಿ ಮಿರರ್ ಪೇಪರ್ ಅದನ್ನ ಹಂಗ ಎತ್ತಿ ಹಾಕಿಬಿಟ್ಟಿತು. ಮುಂದಿನ ವರ್ಷ ಜನವರಿಗೆ ದಿ ಟೈಮ್ಸ್ ಪೇಪರ್ ಜಗತ್ತಿನ 50 ಉದಯೋನ್ಮುಖ ಆಟಗಾರರ ಪಟ್ಟಿ ಮಾಡಿ 30ನೇ ನಂಬರಿಗೆ ಮಸಾಲ್ ಬುಗ್ದುವ್ ಅನ್ನೂ ಮೊಲ್ಡೋವಾ ಹುಡುಗನ್ನ ಇಟ್ಟಿತು. ಅಂಥಾ ಹುಡುಗ ಹುಟ್ಟೇ ಇರಲಿಲ್ಲ, ಆನ್‌ಲೈನ್‌ನಾಗ ಯಾರೋ ಹಬ್ಬಿಸಿದ ಹುಸಿ ಸುದ್ದಿ ಅದು. ಈಗ ಯೋಚನೆ ಮಾಡ್ರಿ, ವಿಕಿ ನೋಡಿ ಪೇಪರ್ ಬರದು, ಆ ಪೇಪರ್ ತೋರಿಸಿ ವಿಕಿಗೆ ಉಲ್ಲೇಖ ಹಾಕಿದ್ರ ಸುಳ್ಳಿಗೆ ಎಂಥಾ ಗಟ್ಟಿ ಪಾಯಾ ಸಿಗತೈತಿ. ಇದನ್ನ ಹಿಡೀಬೇಕಂದ್ರ ‘ಇತಿಹಾಸ’ ಬಟನ್ ಒತ್ತಿ ಆ ವಾಕ್ಯ ಪುಟಕ್ಕ ಯಾವಾಗ ಬಂತು, ಪೇಪರ್ ಯಾವಾಗ ಬಂತು ಅಂತ ತಾರೀಖ ಕೂಡಿಸಿ ನೋಡೂದ ಒಂದ ದಾರಿ. ಯಾವ ಗ್ರಂಥಪಾಲಕನೂ ಮಾಡಬಹುದಾದ ಕೆಲಸ ಇದು, ಇದರಾಗ ಫುಟ್‌ಬಾಲ್ ಜ್ಞಾನ ಏನೂ ಬೇಕಾಗಿಲ್ಲ.

ಫುಟ್‌ಬಾಲ್ ಗೊತ್ತಿರಬೇಕಾದ್ದ ಎಲ್ಲಿ ಅಂದ್ರ, ಏನ ಬರದಿಲ್ಲ ಅಂತ ಹುಡುಕೂದರಾಗ. ಆಡೂ ಆಟಗಾರರ ಪುಟಕ್ಕ ಒಂದ ರೋಗ ಇರತೈತಿ, ಮೊದಲಿನ ಆರ ವರ್ಷಕ್ಕ ಎರಡ ಸಾಲ, ಹ್ವಾದ ಸೀಸನ್‌ಗೆ ಎಂಟ ಪ್ಯಾರಾ. ಗಾಯ ಆಗಿ ವರ್ಷಗಟ್ಟಲೆ ಹೊರಗಿದ್ದದ್ದ ಇರೂದಿಲ್ಲ, ಕ್ಲಬ್ ಬಿಟ್ಟ ಕಾರಣ ಇರೂದಿಲ್ಲ, ಯಾವ ಕಾಲಿಂದ ಹೊಡೀತಾನ, ಎಲ್ಲಿ ನಿಂತ ಆಡತಾನ, ವಯಸ್ಸಾದಂಗ ಆಟ ಹೆಂಗ ಬದಲಾತು ಅಂತ ಹೇಳೂ ಭಾಗನ ಇರೂದಿಲ್ಲ. ಗೋಲ್‌ಕೀಪರ್ ಮತ್ತ ಡಿಫೆಂಡರ್ ಪುಟಕ್ಕಂತೂ ಭಾಳ ಅನ್ಯಾಯ, ಗೋಲ್ ಇಲ್ಲಂದ್ರ ಬರೆಯಾಕ ಏನೂ ಇಲ್ಲ ಅನ್ನೂವಂಗ ಬರದಿರತಾರ. ಮತ್ತ ‘ಇಂಥಾ ಕ್ಲಬ್ಬಿಗೆ ಹೋಗೂ ಸಾಧ್ಯತೆ ಐತಿ ಎನ್ನಲಾಗಿದೆ’ ಅನ್ನೂ ಟ್ರಾನ್ಸ್‌ಫರ್ ಗಾಳಿಸುದ್ದಿ ಕಂಡ್ರ ನಾ ಅಲ್ಲೇ ಮಾರ್ಕ್ಸ್ ಕಡದಬಿಡತೇನಿ. ಬದುಕಿರೂ ಮನುಷ್ಯಾರ ಬಗ್ಗೆ ಆಧಾರ ಇಲ್ಲದ ಆಪಾದನೆ ಇದ್ರ ಚರ್ಚೆ ಸೈತ ಬ್ಯಾಡ, ತಕ್ಷಣ ತಗೀಬೇಕ ಅನ್ನೂದ ವಿಕಿಪೀಡಿಯದ ಸ್ವಂತ ನಿಯಮ, ಅದೊಂದ ವಿಷಯದಾಗ ಅವ್ರು ಭಾಳ ಕಟ್ಟುನಿಟ್ಟ.

ಹಳೇ ಆಟಗಾರರಿಗೆ ಈ ಅಳತಿ ಕೆಲಸಕ್ಕ ಬರೂದಿಲ್ಲ. ಬೆಂಗಳೂರಿನ ಅಹ್ಮದ್ ಖಾನ್, ಎಸ್. ರಾಮನ್ ಅಂಥಾವ್ರ ಪುಟ ತಗದ ನೋಡ್ರಿ, ಕ್ಲಬ್ಬಿನ ಗೋಲಿನ ಲೆಕ್ಕ ಕೇಳಿದ್ರ ಎಲ್ಲಿಂದ ತರೂದು? 1948ರ ಜುಲೈ 31ಕ್ಕ ಲಂಡನ್ ಒಲಿಂಪಿಕ್ಸ್‌ನಾಗ ಭಾರತ ಬಹಳಷ್ಟ ಮಂದಿ ಬರಿಗಾಲಿಲೆ ಆಡಿ ಫ್ರಾನ್ಸ್‌ಗೆ 2–1ರಿಂದ ಸೋತಿತು, ನಮ್ಮ ಒಂದ ಗೋಲ್ ರಾಮನ್ ಅವ್ರದ್ದು. ಎರಡ ಪೆನಾಲ್ಟಿ ಸಿಕ್ಕು ಎರಡೂ ಕೈತಪ್ಪಿದ್ವು, ಆದ್ರ ತಪ್ಪಿಸಿದವ್ರು ಯಾರು ಅಂತ ಒಂದೊಂದ ಕಡೆ ಒಂದೊಂದ ಹೆಸರ ಬರತೈತಿ. ಚೊಲೋ ಪುಟ ಇಂಥಾ ಕಡೆ ‘ಇವ್ರು ಹಿಂಗಂತಾರ, ಅವ್ರು ಹಂಗಂತಾರ’ ಅಂತ ಎರಡೂ ಇಡತೈತಿ. 1952ರ ಹೆಲ್ಸಿಂಕಿಯೊಳಗ ಯುಗೋಸ್ಲಾವಿಯಾ ನಮಗ 10–1 ಹೊಡೀತು, ಆ ಒಂದ ಗೋಲ್ ಅಹ್ಮದ್ ಖಾನ್ ಅವ್ರದ್ದು, ಅದಾದ ಮ್ಯಾಲ ಬೂಟ್ ಕಡ್ಡಾಯ ಆತು.

ಈಗ 1950ರ ಮಾತ. ಬರಿಗಾಲಿಲೆ ಆಡಾಕ ಬಿಡಲಿಲ್ಲಂತ ಭಾರತ ಬ್ರೆಜಿಲ್ ವರ್ಲ್ಡ್ ಕಪ್‌ಗೆ ಹೋಗಲಿಲ್ಲ ಅನ್ನೂ ಕಥಿ ನಮ್ಮ ಬೆಳಗಾವಿ ಕ್ಯಾಂಪ್ ಕಡೆ ಚಾದಂಗಡಿಯೊಳಗ ಕುಂತ ಹಿರ್ಯಾರ ಬಾಯಾಗೂ ಐತಿ, ಆ ಕಾಲದ ಆಟಗಾರರ ಎಷ್ಟೋ ಪುಟದಾಗೂ ಐತಿ. ಆಗ ಫುಟ್‌ಬಾಲ್ ಫೆಡರೇಶನ್ ಕೊಟ್ಟ ಕಾರಣ ಬ್ಯಾರೆ: ಟೀಮ್ ಆಯ್ಕೆದಾಗ ಭಿನ್ನಾಭಿಪ್ರಾಯ, ಪ್ರಾಕ್ಟೀಸ್‌ಗೆ ಟೈಮ್ ಸಾಲದ್ದು. ಶೈಲೇನ್ ಮನ್ನಾ ಅವ್ರ ಪುಟ ನೋಡಾಕ ಹೋದ್ರ ನಾ ಮೊದಲ ಈ ಸಾಲ ಹುಡುಕತೇನಿ. 1951ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಕ್ಯಾಪ್ಟನ್ ಅಂತ ಸರಿಯಾಗಿ ಬರದು, ಮುಂದಿನ ಸಾಲಿಗೆ ಬರಿಗಾಲಿನ ಕಥಿ ನಿಜ ಅಂತ ಹಾಕಿದ್ರ ಆ ಪುಟ ಬರದವ್ರು ಕೇಳಿದ್ದನ್ನ ಬರದಾರ, ಓದಿದ್ದನ್ನಲ್ಲ.

ಊರಿನ ಹೆಸರಿಗೂ ಹಿಂಗ ಒಂದ ಕಣ್ಣ ಇರಲಿ. ಛೆಟ್ರಿ ಹುಟ್ಟಿದ್ದ 1984ರಾಗ ಸಿಕಂದರಾಬಾದ್‌ನಾಗ, ಆಗ ಅದು ಆಂಧ್ರ, ತೆಲಂಗಾಣ ಆದದ್ದ 2014ಕ್ಕ. ನಮ್ಮ ಊರ ಅಧಿಕೃತವಾಗಿ ಬೆಳಗಾವಿ ಆದದ್ದೂ 2014ರ ನವೆಂಬರ್ 1ಕ್ಕ, 1956ರ ಮೊದಲ ನಾವ ಮುಂಬೈ ಕಡೆ ಇದ್ವಿ. ನಮ್ಮಲ್ಲೆ ಇದರ ಮ್ಯಾಲ ಜಗಳಾನೂ ಆಗತಾವ, ಗೊತ್ತ ಐತಿ ನಿಮಗ. ಹುಟ್ಟಿದ ದಿನ ಯಾವ ರಾಜ್ಯ ಇತ್ತೋ ಅದನ್ನ ಬರದು ಈಗಿಂದ ಪಕ್ಕಕ್ಕ ಇಟ್ರ ಮುಗೀತು.

ಇಂಗ್ಲಿಷ್‌ನಾಗ ಪುಟಕ್ಕ ದರ್ಜಾ ಕೊಡೂ ಪದ್ಧತಿ ಐತಿ, ಸ್ಟಬ್, ಸ್ಟಾರ್ಟ್, ಸಿ, ಬಿ, ಮ್ಯಾಲ ಗುಡ್ ಆರ್ಟಿಕಲ್, ಎ, ತುದಿಗೆ ಫೀಚರ್ಡ್. ಬಿ ತನಕ ಯಾರ ಬೇಕಾದ್ರೂ ಹಚ್ಚಬಹುದು, ಗುಡ್ ಆರ್ಟಿಕಲ್‌ಗೆ ಬರೀದ ಇದ್ದ ಒಬ್ಬ ಎಡಿಟರ್ ಕುಂತ ಪರೀಕ್ಷೆ ಮಾಡಬೇಕ, ಫೀಚರ್ಡ್‌ಗೆ ನಾಕ ಮಂದಿ ಸೇರಿ ಹಿಂಡಿ ಹಿಪ್ಪಿ ಮಾಡತಾರ. ಗುಡ್ ಆರ್ಟಿಕಲ್ಲಿನ ಹಸರ ಚಿಹ್ನೆ, ಫೀಚರ್ಡ್ ಪುಟದ ಚುಕ್ಕಿ ಕಂಡ ಕೂಡಲೇ ಖುಷಿ ಆಗಬ್ಯಾಡ್ರಿ, ಅದು ಪರೀಕ್ಷೆ ಆದ ದಿನದ ದರ್ಜಾ, ಯಾವ ದಿನ ಅಂತ ಚರ್ಚೆ ಪುಟದಾಗ ಇರತೈತಿ. ಆಟಗಾರ ಆಮ್ಯಾಲ ಐದ ವರ್ಷ ಆಡಿದ್ರ ಆ ಐದ ವರ್ಷ ಯಾರೂ ಪರೀಕ್ಷೆ ಮಾಡಿಲ್ಲ. 2003ರಾಗ ಶುರು ಆದ ನಮ್ಮ ಕನ್ನಡ ವಿಕಿಪೀಡಿಯದಾಗ ಇನ್ನೊಂದ ತೊಂದ್ರಿ, 2009ರ ಸುಮಾರಿಗೆ ಗೂಗಲ್ ದುಡ್ಡ ಕೊಟ್ಟ ಇಂಗ್ಲಿಷ್ ಪುಟಗಳನ್ನ ಕನ್ನಡಕ್ಕ ಮಾಡಿಸಿತ್ತು, ಅವು ನೋಡಾಕ ಗಜಗಾತ್ರ, ಆದ್ರ ಅಲ್ಲಿಗೇ ನಿಂತ ಬಿಟ್ಟಾವ. ‘ಪ್ರಸ್ತುತ’ ಅನ್ನೂ ಶಬ್ದ ಕಂಡ್ರ ಯಾವ ವರ್ಷದ ಪ್ರಸ್ತುತ ಅಂತ ಕೇಳ್ರಿ.

ಕಡೀಕ, ಬಹಳ ಮಂದಿ ಕೇಳೂದು ನಮ್ಮ ಊರಿನ ಆಟಗಾರರ ಪುಟ ಮಾಡಬಹುದೇನ್ರಿ ಅಂತ. 2023ರ ಮಾರ್ಚ್‌ನಾಗ ಸೌದಿಯ ರಿಯಾದ್‌ನಾಗ ಕರ್ನಾಟಕ ಮೇಘಾಲಯನ 3–2 ಸೋಲಿಸಿ 54 ವರ್ಷದ ಮ್ಯಾಲ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದ ಮ್ಯಾಲ ಈ ಪ್ರಶ್ನೆ ಜಾಸ್ತಿ ಆತು. ಇಂಥಾ ಲೀಗ್‌ನಾಗ ಒಂದ ಮ್ಯಾಚ್ ಆಡಿದ್ರ ಸಾಕ ಅನ್ನೂ ನಿಯಮ ಇಂಗ್ಲಿಷ್‌ನಾಗ ಮೊದಲ ಇತ್ತು, 2022ರಾಗ ತಗದಾರ. ಈಗ ಬೇಕಾದ್ದು ಅವ್ರ ಬಗ್ಗೆನ ಬ್ಯಾರೆಯವ್ರು ವಿಸ್ತಾರ ಆಗಿ ಬರದದ್ದು. ಸ್ಕೋರ್‌ಕಾರ್ಡಿನ್ಯಾಗ ಹೆಸರ ಬಂದ್ರ ಸಾಲೂದಿಲ್ಲ, ಕ್ಲಬ್ಬಿನವ್ರ ಸನ್ಮಾನ ಪತ್ರಿಕಾನೂ ನಡೆಯೂದಿಲ್ಲ. ಹಳೇ ಪೇಪರಿನ ಬೈಂಡಿಂಗ್ ತಗಸಿ ಕ್ರೀಡಾ ಪುಟ ತಿರವ್ರಿ, ಕನ್ನಡ ಆದ್ರೂ ನಡೀತೈತಿ, ಮರಾಠಿ ಆದ್ರೂ ನಡೀತೈತಿ, ವಿಕಿಪೀಡಿಯಕ್ಕ ಆಧಾರದ ಭಾಷಾ ಯಾವದಾದ್ರೂ ಚಿಂತಿಲ್ಲ. ಪೇಪರಿನ ಹೆಸರ, ತಾರೀಖ, ಪುಟದ ನಂಬರ್, ಇಷ್ಟ ಬರಕೊಂಡ ಬರ್ರಿ, ಉಳದದ್ದ ಲೈಬ್ರರಿಯೊಳಗ ಕುಂತ ನೋಡೂಣಂತ.