ಎರಡು ಸಾಲಿನ ಪ್ರಕಟಣೆಗೆ ನಾಲ್ಕು ಟೇಬಲ್

ಸರ್ಕಾರಿ ಪ್ರಕಟಣೆ ಬರೆಯೋದು, ತಿದ್ದೋದು, ಇದೇ ನನ್ನ ಕೆಲಸ. ಒಂದ್ಸಲ ಹೀಗಾಯ್ತು, ನಾಳೆ ಬೆಳಗ್ಗೆ 6ರಿಂದ ಮಧ್ಯಾಹ್ನ 2ರ ತನಕ ನೀರು ಬರಲ್ಲ, ಇವತ್ತೇ ತುಂಬಿಟ್ಕೊಳ್ಳಿ ಅಂತ ಎರಡು ಸಾಲು ಬರೆದು ಮೇಲೆ ಕಳಿಸಿದ್ದೆ, ನಾಲ್ಕು ಟೇಬಲ್ ದಾಟಿ ವಾಪಸ್ ಬಂದಾಗ ಅದು "ನಿರ್ವಹಣಾ ಕಾಮಗಾರಿಯ ನಿಮಿತ್ತ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು ಸಾರ್ವಜನಿಕರು ಸಹಕರಿಸುವುದು" ಅಂತಾಗಿತ್ತು. ಟೈಮೇ ಇಲ್ಲ! ಅಷ್ಟೊತ್ತಿಗೆ ನಲ್ಲೀನೂ ನಿಂತಿತ್ತು, ಅದು ಬೇರೆ ಮಾತು.

ಅಲ್ಲಿ ಯಾರೂ ಸೋಮಾರಿಗಳಲ್ಲ. 2 ಗಂಟೆಗೆ ನೀರು ಬರದಿದ್ರೆ ಯಾರು ಉತ್ತರ ಕೊಡೋದು ಅಂತ ಒಬ್ಬೊಬ್ಬರೂ ಒಂದೊಂದು ಪದ ಹೊಡೆದು ಹಾಕಿದ್ರು ಅಷ್ಟೇ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1940ರಲ್ಲಿ ಹೇಳಿದ್ದು ಇದನ್ನೇ, ಗುರಿ ಮುಟ್ಟೋಕೆ ಅಂತ ಮಾಡಿದ ನಿಯಮ ಬರ್ತಾ ಬರ್ತಾ ತಾನೇ ಗುರಿಯಾಗಿ ಕೂತ್ಬಿಡುತ್ತೆ. ಹಾಗಂತ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ವಿವರಿಸಿದ ಕಡತ, ಒಬ್ಬರ ಮೇಲೊಬ್ಬರು ಅಧಿಕಾರಿ ಇರೋ ಶ್ರೇಣಿ ಎಲ್ಲಾ ದಂಡ ಅಂತ ನಾನು ಹೇಳಲ್ಲ, ಸಾಹೇಬರು ಟ್ರಾನ್ಸ್‌ಫರ್ ಆದ್ರೂ ಆಫೀಸು ಕೊಟ್ಟ ಮಾತು ಉಳಿಯೋದು ಫೈಲಲ್ಲಿ ಬರೆದಿರೋದ್ರಿಂದಾನೇ. ಆದ್ರೆ ಗೊತ್ತಿರೋದನ್ನ ಗುಟ್ಟಾಗಿಟ್ಕೊಳ್ಳೋ ಚಾಳಿ ಅಧಿಕಾರಶಾಹಿಗೆ ಇದ್ದೇ ಇರುತ್ತೆ ಅಂತಾನೂ ಅದೇ ವೆಬರ್ ಬರೆದಿದಾರೆ, ಅದನ್ನ ನಾವು ಮರೀತೀವಿ.

ನನಗೆ ಕೆಲಸಕ್ಕೆ ಬಂದಿದ್ದು ಹೆನ್ರಿ ಫಯೋಲ್. ಗಣಿ ಎಂಜಿನಿಯರ್, 1916ರಲ್ಲಿ ಆಡಳಿತದ 14 ತತ್ವ ಬರೆದವರು. ಶ್ರೇಣಿ ಬೇಕು ಅಂದವರು ಅವರೇ, ಅದನ್ನ ದಾಟೋ ದಾರಿ ತೋರಿಸಿದ್ದೂ ಅವರೇ. ಒಂದು ವಿಭಾಗದ ಕೆಳಗಿನವರು ಇನ್ನೊಂದು ವಿಭಾಗದ ತಮ್ಮ ಸಮಾನರ ಹತ್ರ ಮಾತಾಡೋಕೆ ಏಣಿ ಪೂರ್ತಿ ಹತ್ತಿ ಆ ಕಡೆ ಪೂರ್ತಿ ಇಳಿಯೋ ಬದಲು ಮಧ್ಯೆ ಒಂದು ಹಲಗೆ ಹಾಕ್ಕೊಳ್ಳಲಿ ಅಂತಾರೆ, ಷರತ್ತು ಏನಂದ್ರೆ ಇಬ್ಬರ ಮೇಲಧಿಕಾರಿಗಳೂ ಮೊದಲೇ ಒಪ್ಪಿರಬೇಕು, ಏನು ತೀರ್ಮಾನ ಆಯ್ತು ಅಂತ ಅವರಿಗೆ ಆಮೇಲೆ ತಿಳಿಸಬೇಕು.

ನಾವೂ ಹಾಗೇ ಮಾಡಿದ್ವಿ. ಯಾವ ಏರಿಯಾ, ಎಷ್ಟೊತ್ತಿಂದ ಎಷ್ಟೊತ್ತಿಗೆ, ಜನ ಏನ್ಮಾಡಬೇಕು, ಇಷ್ಟಕ್ಕೆ ಖಾಲಿ ಜಾಗ ಬಿಟ್ಟು ಒಂದು ನಮೂನೆ ರೆಡಿ ಮಾಡಿ ಮೇಲಿಂದ ಒಂದೇ ಸಲ ಸಹಿ ಹಾಕಿಸ್ಕೊಂಡ್ವಿ. ಎಂಜಿನಿಯರ್ ಭರ್ತಿ ಮಾಡಿ ನನಗೆ ಕಳಿಸೋದು, ನಾನು ಪತ್ರಿಕೆಗಳಿಗೆ ಬಿಡೋದು, ಒಂದು ಪ್ರತಿ ಮೇಲಕ್ಕೆ.

ಮೊದಲ ಸಲ ಬಿಟ್ಟ ದಿನಾನೇ ಮೇಲಿಂದ ಫೋನ್ ಬಂತು, "ನನಗೆ ತೋರಿಸದೆ ಹೆಂಗ್ರೀ ಕಳಿಸಿದ್ರಿ?" ಅಂತ. ಫೈಲ್ ತಗೊಂಡೋಗಿ ಅವರದೇ ಸಹಿ ತೋರಿಸಿದೆ.